ಜೊತೆಯ ಪಿಟೀಲು

ಬಾಗಿಲ ಆಚೆ ಹುಡುಗಿಯ ಪಿಟೀಲು ನಿಂತುಬಿಟ್ಟಿತು. ಅಲ್ಲಿ ನಿಲ್ಲಬೇಕಾದದ್ದೇ, ಸಂಗೀತದ ಸಾಲು ಮುಗಿದ ಮೇಲೆ ಎರಡು ಎಣಿಕೆಯ ಮೌನವಿದೆ. ಆದರೆ ಎರಡು ಕಳೆದು ಮೂರಾಯಿತು, ನಾಲ್ಕಾಯಿತು. ಸಂಗೀತ ಕಾಲೇಜಿನ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರು ಉಸಿರು ಬಿಗಿಹಿಡಿದು, ಎತ್ತು ತಾಯಿ, ಕಮಾನು ಎತ್ತು ಎಂದು ಮನಸ್ಸಿನಲ್ಲೇ ಗೋಗರೆದರು. ಕೊನೆಗೆ ನಾದ ಹೊರಟಿತು, ತಡವಾಗಿ ಮನೆಗೆ ಬಂದವರು ಬಾಗಿಲು ತೆರೆಯುವ ಹಾಗೆ, ಮೆಲ್ಲಗೆ. ಮುಂದಿನ ಸಾಲಿನ ಕೊನೆಯಲ್ಲೂ ಅದೇ ಕಥೆ.

ಹುಡುಗಿ ಮೇಷ್ಟ್ರ ಮನೆಯ ಕೆಳಗೇ ಅಂಗಡಿ ಇಟ್ಟುಕೊಂಡಿರುವ ದರ್ಜಿಯ ಮಗಳು. ಏಳು ವರ್ಷದವಳಿದ್ದಾಗ ಮೆಟ್ಟಿಲು ಹತ್ತಿ ಬಂದವಳು, ಹನ್ನೊಂದು ವರ್ಷ ಒಂದು ಪಾಠವನ್ನೂ ತಪ್ಪಿಸಿರಲಿಲ್ಲ. ಸಂಗೀತ ಕಾಲೇಜಿಗೆ ಸೇರಲು ಇರುವ ವಯಸ್ಸಿನ ಮಿತಿ ಅವಳಿಗೆ ಈ ವರ್ಷಕ್ಕೆ ಮುಗಿಯುತ್ತಿತ್ತು. ಈಗ ಆಗದಿದ್ದರೆ ಅಪ್ಪನ ಪಕ್ಕದ ಇನ್ನೊಂದು ಹೊಲಿಗೆ ಮೆಷಿನ್ನು ಹೇಗೂ ಖಾಲಿ ಇತ್ತು.

ಪರೀಕ್ಷೆ ಮಾಡಿದಾಕೆ ಹೊರಗೆ ಬಂದರು. ಮೇಷ್ಟ್ರು ಮೂವತ್ತೆರಡು ವರ್ಷ ಕೊನೆಯ ಸಾಲಿನಲ್ಲಿ ಕೂತು ನುಡಿಸಿದ ವಾದ್ಯವೃಂದದಲ್ಲೇ ಆಕೆ ಮೊದಲ ಸಾಲಿನಲ್ಲಿದ್ದವರು.

"ಬೆರಳು ಚೆನ್ನಾಗಿದೆ ಸಾರ್, ಶ್ರುತಿಯಂತೂ ಚಿನ್ನ. ಆದ್ರೆ ಪ್ರತಿ ಸಾಲಿಗೆ ಮುಂಚೆ ಬಲಗಡೆ ತಿರುಗಿ ನೋಡ್ತಾಳೆ. ಅಲ್ಲಿ ಯಾರೂ ಇಲ್ಲ."

"ರೂಮು ಹೊಸದಲ್ವಾ, ಗಾಬರಿಯಾಗಿರ್ಬೇಕು. ಕಿಟಕೀನೂ ತೆಗೆದಿತ್ತು, ಬಸ್ಸಿನ ಸದ್ದು ಬೇರೆ..." ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಿತ್ತು. ಹಾಗೆಂದು ಮೇಷ್ಟ್ರಿಗೇ ಅನಿಸಿತು.

"ಪಾಠದಲ್ಲಿ ನೀವೂ ಜೊತೆಗೆ ನುಡಿಸ್ತೀರಾ?"

"ನುಡಿಸ್ತೀನಿ."

"ಆಗಾಗ?"

"ಯಾವಾಗ್ಲೂ."

ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಶುಕ್ರವಾರ ಇನ್ನೊಂದ್ಸಲ ಕೇಳ್ತೀವಿ. ಸೀಟು ಒಂದೇ ಉಳಿದಿರೋದು, ಇಬ್ಬರಿದಾರೆ. ಅವತ್ತೂ ಹೀಗೇ ಆದ್ರೆ ನನ್ನ ಕೈಲಿ ಏನೂ ಇಲ್ಲ ಸಾರ್."

ಬಸ್ಸಿನಲ್ಲಿ ಹುಡುಗಿ ಪೆಟ್ಟಿಗೆ ತಬ್ಬಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಮೇಷ್ಟ್ರಿಗೆ ತಮ್ಮ ಬಾಲ್ಯದ ಒಂದು ದಿನ ನೆನಪಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ತುಂಬಿದ ಸಭೆಯ ಮುಂದೆ ಅವರನ್ನು ಒಬ್ಬರನ್ನೇ ನಿಲ್ಲಿಸಿದ್ದರು. ಕೈ ನಡುಗಿ ಕಮಾನು ತಂತಿಯ ಮೇಲೆ ಕುಪ್ಪಳಿಸಿತ್ತು, ಮುಂದಿನ ಕುರ್ಚಿಗಳಲ್ಲಿ ಯಾರೋ ನಕ್ಕಿದ್ದರು. ಆಮೇಲೆ ಅವರು ಒಬ್ಬರೇ ನುಡಿಸಿದ್ದೇ ಇಲ್ಲ. ಕೊನೆಯ ಸಾಲು ಸುಖವಾಗಿತ್ತು, ಗುಂಪಿನಲ್ಲಿ ಗೋವಿಂದ. ಅಲ್ಲಿ ಒಬ್ಬನ ಪಿಟೀಲು ಬೇರೆಯಾಗಿ ಕೇಳಿಸಿದರೆ ಅದೇ ತಪ್ಪು.

ಪಾಠ ಹೇಳಲು ಶುರುಮಾಡಿದಾಗ ಅವರು ಒಂದು ನಿರ್ಧಾರ ಮಾಡಿಕೊಂಡಿದ್ದರು: ಯಾವ ಮಗುವನ್ನೂ ಹಾಗೆ ಒಂಟಿಯಾಗಿ ಬಿಡಕೂಡದು. ಮೊದಲ ದಿನದಿಂದಲೇ ಅವರ ಪಿಟೀಲು ಶಿಷ್ಯರ ಪಿಟೀಲಿನ ಕೆಳಗೆ ಮೆತ್ತಗೆ ಹಾಸಿಕೊಂಡಿರುತ್ತಿತ್ತು. ವರ್ಷದ ಕಾರ್ಯಕ್ರಮದಲ್ಲೂ ಬಲಗಡೆಗೆ ಒಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ನನ್ನ ಶಿಷ್ಯರು ಯಾರೂ ವೇದಿಕೆ ಮೇಲೆ ನಡುಗಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದರು, ಅದು ನಿಜವೂ ಹೌದು. ಆ ಶಿಷ್ಯರಲ್ಲಿ ಪಿಟೀಲನ್ನೇ ಕಸುಬು ಮಾಡಿಕೊಂಡವರು ಆರು ಜನ. ಎಲ್ಲಿದ್ದಾರೆ ಎಂದು ಮೇಷ್ಟ್ರು ಬೆರಳು ಮಡಿಸುತ್ತಾ ಹೋದರು. ಆರೂ ಜನ ಒಂದಲ್ಲ ಒಂದು ಕೊನೆಯ ಸಾಲಿನಲ್ಲಿದ್ದರು. ಇಷ್ಟು ದಿನ ಅದಕ್ಕೆ ಅವರವರ ಹಣೆಬರಹ ಎಂದುಕೊಂಡಿದ್ದರು. ಈಗ ನಾಚಿಕೆಯಾಯಿತು.

ಬುಧವಾರ ಬೆಳಿಗ್ಗೆ ಮೇಷ್ಟ್ರು ತಮ್ಮ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. "ಇವತ್ತು ನೀನೊಬ್ಳೇ," ಎಂದರು.

ಮೊದಲ ಸಾಲು ಮುಗಿಯಿತು. ಹುಡುಗಿ ಬಲಕ್ಕೆ ತಿರುಗಿದಳು. ಮೇಷ್ಟ್ರು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಗೋಡೆ ನೋಡಿದರು. ಮೌನ ಬೆಳೆಯಿತು. ಮತ್ತೆ ಮೊದಲಿಂದ, ಮತ್ತೆ ಅದೇ ಗುಂಡಿ. ಕೆಳಗಿನಿಂದ ದರ್ಜಿಯ ಮೆಷಿನ್ನು ಯಾರ ಕಷ್ಟವನ್ನೂ ಕೇಳದೆ ಕಟಕಟ ಓಡುತ್ತಿತ್ತು. ನಾಲ್ಕನೆಯ ಸಲ ಏನಾಯಿತೋ, ಮುಚ್ಚಳ ತೆರೆದಿತ್ತು, ಪಿಟೀಲು ಮೇಷ್ಟ್ರ ಹೆಗಲೇರಿತ್ತು. ಇಬ್ಬರೂ ಸೇರಿ ಆ ಜಾಗವನ್ನು ಸಲೀಸಾಗಿ ದಾಟಿಬಿಟ್ಟರು.

ಹುಡುಗಿ ಕಮಾನು ಇಳಿಸಿದಳು. "ನೀವು ಹೀಗ್ಮಾಡಿದ್ರೆ ಹೇಗೆ ಮೇಷ್ಟ್ರೇ?"

"ತಪ್ಪು ನಿಂದಲ್ಲಮ್ಮ, ನಂದೇ. ನೀನು ಹೆದರ್ಬಾರ್ದು ಅಂತ ಮೊದಲಿಂದ್ಲೂ..."

"ನಂಗೆ ಹೆದ್ರಿಕೆ ಯಾವತ್ತೂ ಇರ್ಲಿಲ್ಲ. ನೀವು ಕಮಾನು ಎತ್ತಲಿ ಅಂತ ಕಾಯ್ತಿದ್ದೆ ಅಷ್ಟೆ. ನಿಮಗಿಂತ ಮುಂಚೆ ನಾನು ಹೇಗೆ ಶುರು ಮಾಡ್ಲಿ?"

ಮೇಷ್ಟ್ರು ಪಿಟೀಲನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟರು.

"ನೀವು ಆಚೆ ಹೋಗಿ ಮೇಷ್ಟ್ರೇ," ಎಂದಳು ಹುಡುಗಿ, ನೆಲ ನೋಡುತ್ತಾ. "ಪಿಟೀಲೂ ತಗೊಂಡ್ಹೋಗಿ."

ತಮ್ಮದೇ ಮನೆಯಲ್ಲಿ, ತಮ್ಮದೇ ಕೋಣೆಯಿಂದ! ಮೇಷ್ಟ್ರಿಗೆ ಚುರುಕ್ ಎಂದಿತು. ಆದರೂ ಪೆಟ್ಟಿಗೆ ಎತ್ತಿಕೊಂಡರು, ಹೊರಗೆ ಬಂದು ಬಾಗಿಲು ಎಳೆದುಕೊಂಡರು.

ಅಡುಗೆಮನೆಯಲ್ಲಿ ಹೆಂಡತಿ ಮೊರದ ತುಂಬ ಬೆಳ್ಳುಳ್ಳಿ ಹರಡಿಕೊಂಡು ಸುಲಿಯುತ್ತಿದ್ದರು. "ಏನ್ರೀ, ಓಡಿಸಿಬಿಟ್ಲಾ?"

"ಹ್ಞೂಂ."

"ಸದ್ಯ, ಒಬ್ಳಾದ್ರೂ ಧೈರ್ಯ ಮಾಡಿದ್ಲು."

ಮೇಷ್ಟ್ರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಒಳಗೆ ಮೊದಲ ಸಾಲು ಶುರುವಾಗಿ ಮುಗಿಯಿತು. ಒಂದು, ಎರಡು. ಮೂರು. ಮೇಷ್ಟ್ರು ಎದ್ದರು.

"ಕೂತ್ಕೊಳ್ಳಿ," ಎಂದರು ಹೆಂಡತಿ, ತಲೆ ಎತ್ತದೆ.

ಹುಡುಗಿ ಮತ್ತೆ ಮೊದಲಿಂದ ಹಿಡಿದಳು. ಸಾಲು ಮುಗಿಯಿತು. ಒಂದು, ಎರಡು, ಅಷ್ಟರಲ್ಲಿ ನಾದ ಬಂತು. ಮೆಲ್ಲಗೆ ಬರಲಿಲ್ಲ. ದಪ್ಪ ತಂತಿಯಿಂದ ಎದ್ದು, ಸ್ವಲ್ಪ ಒರಟಾಗಿಯೇ, ಕಮಾನನ್ನು ಬೇಕಾದದ್ದಕ್ಕಿಂತ ಹೆಚ್ಚು ಒತ್ತಿ, ಬಾಗಿಲು ಗೋಡೆ ಲೆಕ್ಕಿಸದೆ ಬಂತು. ನಡುವೆ ಒಂದು ಸ್ವರ ಜಾರಿತು. ಅವಳು ಅದಕ್ಕೆ ನಿಲ್ಲಲಿಲ್ಲ. ಮುಂದಿನ ಮೌನಕ್ಕೆ ಸರಿಯಾಗಿ ಎರಡೇ ಎಣಿಕೆ ಕೊಟ್ಟು ಮೂರನೆಯದಕ್ಕೆ ಹೊರಟೇಬಿಟ್ಟಳು.

ಹೆಂಡತಿಯ ಕೈ ನಿಂತಿತು. "ರೀ, ಇದು ಅವಳೇನಾ?"

"ಅವಳೇ."

"ಅಲ್ಲಾ, ದಪ್ಪ ತಂತಿ ಮೇಲೆ ಹೀಗೆ ತುಂಬ್ಕೊಂಡು ಬರತ್ತಲ್ಲ, ಇದನ್ನ ಎಷ್ಟೋ ವರ್ಷದಿಂದ ಇಲ್ಲಿ ಕೂತೇ ಕೇಳ್ತಿದೀನಿ. ಇದು ನೀವು ನುಡಿಸೋದು ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ," ಎಂದರು.

ಹೆಂಡತಿ ಅವರ ಮುಖ ನೋಡಿದರು. ಮೊರವನ್ನು ಅವರ ಕಡೆಗೆ ಅರ್ಧ ಸರಿಸಿದರು. ಮೇಷ್ಟ್ರು ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿಟ್ಟು, ಕೆಳಗೆ ಕೂತು, ಒಂದು ಬೆಳ್ಳುಳ್ಳಿ ಎಸಳು ತೆಗೆದುಕೊಂಡರು. ಒಳಗೆ ಪಿಟೀಲು ನಡೆಯುತ್ತಲೇ ಇತ್ತು. ಕೆಳಗೆ ದರ್ಜಿ ಮೆಷಿನ್ನು ನಿಲ್ಲಿಸಿ ಆಗಲೇ ಎಷ್ಟೋ ಹೊತ್ತಾಗಿತ್ತು.