ಪಿನಾಂಗಿನಲ್ಲಿ ಉಂಡ ಮೀನು

ಕೊಪ್ಪದಲ್ಲಿ ಅಡಿಕೆ ವ್ಯಾಪಾರ ಮಾಡಿಕೊಂಡಿದ್ದ ಅಬ್ದುಲ್ ಖಾದರ್ ಸಾಹೇಬರಿಗೆ ಮೀನೆಂದರೆ ಪ್ರಾಣ. ಆದರೆ ಘಟ್ಟದ ಮೇಲಿನ ಊರಿಗೆ ಸಮುದ್ರದ ಮೀನು ಬರುತ್ತಿದ್ದದ್ದು ಒಣಗಿಯೇ. ಹಸಿಯದಾದರೆ ಆಗುಂಬೆ ಹತ್ತುವಷ್ಟರಲ್ಲಿ ಅದರ ಕಣ್ಣು ಬೆಳ್ಳಗಾಗಿರುತ್ತಿತ್ತು. ಹೊಳೆಮೀನು ತಿಂದು ತಿಂದು ನಾಲಿಗೆ ಜಡ್ಡುಗಟ್ಟಿದೆ ಎನ್ನುತ್ತಿದ್ದರು. ವ್ಯಾಪಾರಕ್ಕೆಂದು ಮಂಗಳೂರಿಗೋ ಮದರಾಸಿಗೋ ಹೋದಾಗ ಹೋಟೆಲಿನಲ್ಲಿ ಅವರದ್ದು ಒಂದೇ ರೂಢಿ. ಹೆಸರು ಗೊತ್ತಿರುವ ಮೀನನ್ನು ಕೇಳುತ್ತಲೇ ಇರಲಿಲ್ಲ. ಪಾತ್ರೆಗಳ ಮುಚ್ಚಳ ತೆಗೆಸಿ, ಎಂದೂ ನೋಡದ್ದು ಯಾವುದೋ ಅದನ್ನು ಬೊಟ್ಟು ಮಾಡಿ ಬಡಿಸಿಕೊಳ್ಳುತ್ತಿದ್ದರು.

"ಗೊತ್ತಿದ್ದದ್ದು ತಿನ್ನೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಮನೇಲಿ ಗುಲ್ಜಾರ್ ಮಾಡಿ ಹಾಕ್ತಾಳೆ" ಎಂಬುದು ಅವರ ಮಾತು. ಗುಲ್ಜಾರ್ ಬೇಗಂ ಅವರ ಹೆಂಡತಿ.

ವ್ಯಾಪಾರದಲ್ಲಿ ಅವರ ಪಾಲುದಾರ ಕಲ್ಲೇಶಪ್ಪ. ನರಸಿಂಹರಾಜಪುರದ ಕಡೆಯವರು, ಖಾದರರಿಗಿಂತ ನಾಲ್ಕಾರು ವರ್ಷ ಚಿಕ್ಕವರು, ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ. ಮೀನು ಬೇಯುವ ಕಡೆ ನಿಲ್ಲುವುದೂ ಅವರಿಗೆ ಕಷ್ಟ. ಇಬ್ಬರೂ ಜೊತೆಗೆ ಊರೂರು ಸುತ್ತಿದ್ದರು. ಒಬ್ಬರು ಒಳಗೆ ಉಣ್ಣುವಾಗ ಇನ್ನೊಬ್ಬರು ಹೊರಗಿನ ಬೆಂಚಿನ ಮೇಲೆ ಬಾಳೆಹಣ್ಣು ಸುಲಿಯುತ್ತ ಕೂರುತ್ತಿದ್ದರು. ಇದಕ್ಕಾಗಿ ಅವರ ನಡುವೆ ಎಂದೂ ಒಂದು ಮಾತು ಹೆಚ್ಚುಕಡಿಮೆ ಆದದ್ದಿಲ್ಲ.

ಮೂವತ್ತೇಳನೇ ಇಸವಿಯ ಹೊತ್ತಿಗೆ ಮಲಯದ ಪಿನಾಂಗಿನ ಅಡಿಕೆ ಹಡಗು ಹಡಗಾಗಿ ಬಂದು ಇಳಿಯುತ್ತಿತ್ತು. ಮದರಾಸಿನ ವರ್ತಕರು ನಮ್ಮ ಕಡೆಯ ಚೀಲವನ್ನು ಬಿಚ್ಚಿ ನೋಡುವುದನ್ನೇ ಬಿಟ್ಟರು. ಅಲ್ಲಿಯವರು ಅದೇನು ಮಾಡಿ ಒಣಗಿಸುತ್ತಾರೆ, ಕಣ್ಣಾರೆ ನೋಡಿಬಿಡೋಣ ಎಂದು ಇಬ್ಬರೂ ಹೊರಟರು. ನರಸಿಂಹರಾಜಪುರದಿಂದ ಟ್ರಾಮಿನಲ್ಲಿ ತರೀಕೆರೆಗೆ, ಅಲ್ಲಿಂದ ರೈಲು, ಮದರಾಸಿನಿಂದ ಹಡಗು.

ಪಿನಾಂಗಿನಲ್ಲಿ ಇಳಿದ ದಿನದಿಂದಲೇ ಖಾದರ್ ಸಾಹೇಬರಿಗೆ ಹಬ್ಬ. ಬಂದರಿನ ಹಿಂದಿನ ಬೀದಿಯಲ್ಲಿ ತಮಿಳು ಮುಸಲ್ಮಾನರಾದ ರಾವುತ್ತರೊಬ್ಬರ ಹೋಟೆಲಿತ್ತು. ಮೇಲಂತಸ್ತಿನಲ್ಲಿ ಇಳಿದುಕೊಳ್ಳಲು ಕೋಣೆಗಳು. ಮೊದಲ ದಿನ ಹುಣಸೆಹುಳಿಯಲ್ಲಿ ಬೆಂದ, ಬೀಸಣಿಗೆಯಂತೆ ಅಗಲವಾದ ಮೀನಿನ ರೆಕ್ಕೆ ತಿಂದರು. ಮಾರನೇ ದಿನ ಒಂದು ದೊಡ್ಡ ಮೀನಿನ ತಲೆ, ತಟ್ಟೆಯಿಂದ ಅವರನ್ನೇ ದಿಟ್ಟಿಸುತ್ತಿತ್ತು. ಆಮೇಲೆ ಬಾಳೆಲೆಯಲ್ಲಿ ಸುತ್ತಿ ಕೆಂಡದ ಮೇಲೆ ಸುಟ್ಟದ್ದು. ಕೋಣೆಗೆ ಬಂದು ಒಂದೊಂದರ ರುಚಿಯನ್ನೂ ಕಲ್ಲೇಶಪ್ಪನವರಿಗೆ ವರ್ಣಿಸುತ್ತಿದ್ದರು. ಅವರು ನಗುತ್ತ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಹೊರಡುವ ದಿನ ಬಂತು. ಹಡಗು ಸಂಜೆಗೆ. ಅದು ತಪ್ಪಿದರೆ ಮುಂದಿನದಕ್ಕೆ ವಾರಗಟ್ಟಲೆ ಕಾಯಬೇಕು. ಮಧ್ಯಾಹ್ನ ಕಡೆಯ ಊಟಕ್ಕೆ ಖಾದರ್ ಸಾಹೇಬರು ಕೆಳಗಿಳಿದು, ಎಂದಿನಂತೆ ಪಾತ್ರೆಗಳ ಸಾಲಿನ ಮುಂದೆ ನಿಂತರು. ಎಲ್ಲವನ್ನೂ ತಿಂದಾಗಿತ್ತು. ಅಡಿಗೆಮನೆಯ ಒಳಗೆ, ಒಲೆಯಿಂದ ದೂರ, ಒಂದು ಸಣ್ಣ ಮಡಕೆ ಎಲೆ ಮುಚ್ಚಿಕೊಂಡು ಕೂತಿತ್ತು.

"ಅದೆಂತದು?"

"ಅದು ಗಿರಾಕಿಗಳಿಗಲ್ಲ" ಎಂದರು ರಾವುತ್ತರು ಮುರುಕು ಹಿಂದೂಸ್ತಾನಿಯಲ್ಲಿ. "ಅಡಿಗೆಯವರು ತಮಗೆ ಮಾಡಿಕೊಂಡದ್ದು. ಮುಟ್ಟಿದರೆ ಚೆಂಡಿನ ಹಾಗೆ ಉಬ್ಬುವ ಮೀನು ಒಂದಿದೆ, ಅದರ ಮೊಟ್ಟೆ."

"ಹಾಗಾದ್ರೆ ನನಗೆ ಅದೇ ಬೇಕು."

ರಾವುತ್ತರು ಕೈಯಾಡಿಸಿದರು. ಆ ಮೀನನ್ನು ಶುದ್ಧಮಾಡಲು ಬಲ್ಲ ಮುದುಕಿ ಇವತ್ತು ಬಂದಿಲ್ಲ, ಅವಳ ಸೊಸೆ ಮಾಡಿದ್ದಾಳೆ, ಅಡಿಗೆಯವರೇ ಇನ್ನೂ ಬಾಯಿಗಿಟ್ಟಿಲ್ಲ ಎಂದರು. ಹೊರಗಿನ ಬೆಂಚಿನಿಂದ ಕಲ್ಲೇಶಪ್ಪನವರು ಎದ್ದು ಬಾಗಿಲಿಗೆ ಬಂದರು. ಮೀನಿನ ವಾಸನೆಗೆ ಎಂದೂ ಅಷ್ಟು ಹತ್ತಿರ ಬಂದವರಲ್ಲ.

"ಬ್ಯಾಡ ಖಾದರಣ್ಣ. ಮಾಡಿದವ್ರೇ ತಿಂದಿಲ್ಲ ಅಂತಾರೆ. ಸಂಜೆ ಹಡಗು ಹತ್ಬೇಕು."

"ನೀನು ತಿನ್ನದವ, ನಿಂಗೆಂತ ಗೊತ್ತು ಮಾರಾಯ? ಇನ್ನೊಂದ್ಸಲ ಈ ಊರಿಗೆ ಬರ್ತೀನಾ ನಾನು?"

ರಾವುತ್ತರು ಕಡೆಗೆ ಸಣ್ಣ ಬಟ್ಟಲಲ್ಲಿ ಹಾಕಿಕೊಟ್ಟರು. ಹಳದಿ ಬಣ್ಣ, ಮರಳಿನಂಥ ಕಾಳು, ಬಾಯಲ್ಲಿಟ್ಟರೆ ಬೆಣ್ಣೆ. ಖಾದರ್ ಸಾಹೇಬರು ಬಟ್ಟಲನ್ನು ಬೆರಳಿಂದ ಒರೆಸಿ ತಿಂದರು.

ಕೋಣೆಗೆ ಹೋಗಿ ಪೆಟ್ಟಿಗೆ ಕಟ್ಟುತ್ತಿದ್ದಾಗ ತುಟಿ ಜುಮ್ಮೆಂದಿತು. ಖಾರ ಇರಬೇಕು ಎಂದುಕೊಂಡರು. ಆಮೇಲೆ ಬೆರಳುಗಳಿಗೆ ಹಗ್ಗದ ಗಂಟು ಸಿಗದಾಯಿತು. ಎರಡು ಸಲ ವಾಂತಿಯಾಯಿತು. "ಕಲ್ಲೇಶಪ್ಪ" ಎಂದು ಕರೆಯಲು ಹೋದರೆ ನಾಲಿಗೆ ಬಾಯೊಳಗೆ ಚಕ್ಕಳದ ತುಂಡಿನಂತೆ ಬಿದ್ದಿತ್ತು. ಕಾಲು ಕುಸಿದು ಗೋಡೆಗೆ ಒರಗಿದರು, ಗೋಡೆಯಿಂದ ನೆಲಕ್ಕೆ ಜಾರಿದರು. ಅಲ್ಲಿಂದ ಮುಂದೆ ಒಂದು ಬೆರಳೂ ಅವರ ಮಾತು ಕೇಳಲಿಲ್ಲ.

ಆದರೆ ಕಿವಿ ಕೇಳುತ್ತಿತ್ತು. ಬುದ್ಧಿ ತಿಳಿಯಾಗಿತ್ತು. ಅರ್ಧ ತೆರೆದ ರೆಪ್ಪೆಯ ಸಂದಿನಿಂದ ಮಾಡಿನ ತೊಲೆ, ತೊಲೆಯ ಮೇಲಿನ ಹಲ್ಲಿ ಕಾಣುತ್ತಿತ್ತು. ಉಸಿರು ಎಷ್ಟು ಸಣ್ಣಗಾಗಿತ್ತೆಂದರೆ ಅದು ಆಡುತ್ತಿರುವುದು ತನಗೆ ಮಾತ್ರ ಗೊತ್ತು ಎಂದು ಅವರಿಗೆ ಅನಿಸಿತು.

ಕಲ್ಲೇಶಪ್ಪನವರು ಓಡಿ ಬಂದರು, ಕೂಗಿದರು, ಭುಜ ಹಿಡಿದು ಅಲುಗಿಸಿದರು. ರಾವುತ್ತರು ಬಂದು ಮುಖಕ್ಕೆ ನೀರು ಚಿಮುಕಿಸಿದರು. ಪಕ್ಕದ ಬೀದಿಯಿಂದ ಒಬ್ಬ ಕಂಪೌಂಡರನನ್ನು ಕರೆತಂದರು. ಅವನು ಮಣಿಕಟ್ಟು ಹಿಡಿದು ನೋಡಿದ, ವಾಂತಿಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಮುಗಿದಿದೆ. ಕಾಲರಾ ಇರಬಹುದು."

ರಾವುತ್ತರ ದನಿ ಇಳಿಯಿತು. ಅವರು ತಮಿಳಿನಲ್ಲಿ ಹೇಳಿದ್ದು ಖಾದರರಿಗೂ ಅರ್ಥವಾಯಿತು. ಸುದ್ದಿ ಹೊರಗೆ ಹೋದರೆ ಸರ್ಕಾರದವರು ಬಂದು ಹೋಟೆಲು ಮುಚ್ಚುತ್ತಾರೆ. ಜೊತೆಗಿದ್ದವರನ್ನು ಬಂದರಿನ ಆಚೆಯ ದ್ವೀಪದಲ್ಲಿ ಕೂಡಿಹಾಕುತ್ತಾರೆ. ಅಲ್ಲಿ ಹೋದವರಲ್ಲಿ ರೋಗ ಇಲ್ಲದವರೂ ರೋಗ ಹತ್ತಿಸಿಕೊಂಡು ಸತ್ತಿದ್ದಾರೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿಬಿಟ್ಟರೆ ನಿಮಗೂ ಕ್ಷೇಮ, ನಮಗೂ ಕ್ಷೇಮ. ಮಸೀದಿಯವರಿಗೆ ಹೇಳಿ ಕಳಿಸುತ್ತೇನೆ. ನೀವು ಹೂಂ ಅನ್ನಬೇಕು, ಅಷ್ಟೆ. ಅವರ ಕಡೆಯವರು ಅಂತ ಇಲ್ಲಿರುವುದು ನೀವೊಬ್ಬರೇ.

ಕಲ್ಲೇಶಪ್ಪ ಬಿಡುವುದಿಲ್ಲ ಎಂದುಕೊಂಡರು ಖಾದರ್ ಸಾಹೇಬರು. ಇಪ್ಪತ್ತು ವರ್ಷ ಒಂದೇ ಗಾಡಿಯಲ್ಲಿ ಮಲಗಿದವನು.

ಕಲ್ಲೇಶಪ್ಪನವರು ಮಂಡಿಯೂರಿ ಕೂತರು. ಅವರ ಮುಖ ತೊಲೆಯನ್ನೂ ಹಲ್ಲಿಯನ್ನೂ ಮರೆಮಾಡಿತು. ಅವರು ಅಳುತ್ತಿದ್ದರು. ಹೆಗಲ ಮೇಲಿನ ಚೌಕದಿಂದ ಖಾದರರ ಕಣ್ಣಿನ ಕೊನೆಯನ್ನು ಒರೆಸಿದರು. ಇಲ್ಲಿದ್ದೇನೆ ಮಾರಾಯ, ಇಲ್ಲೇ ಇದ್ದೇನೆ ಎಂದು ಖಾದರ್ ಸಾಹೇಬರು ಒಳಗೇ ಅರಚಿದರು. ಕಣ್ಣಿನಿಂದ ಮತ್ತೊಂದು ಹನಿ ಉರುಳಿ ಕಿವಿಯತ್ತ ಇಳಿಯಿತು. ಕಲ್ಲೇಶಪ್ಪನವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಒರೆಸಿತು.

"ಆಯ್ತು" ಎಂದರು, ಬಾಗಿಲ ಕಡೆ ತಿರುಗಿ. "ತಗೊಂಡು ಹೋಗಿ."

ಯಾರೋ ರೆಪ್ಪೆ ಎಳೆದು ಮುಚ್ಚಿದರು. ಗಲ್ಲದ ಕೆಳಗಿಂದ ಬಟ್ಟೆ ಬಿಗಿದು ನೆತ್ತಿಯ ಮೇಲೆ ಗಂಟು ಹಾಕಿದರು. ಮೆಟ್ಟಿಲಿಳಿಯುವಾಗ ತಲೆ ತಗ್ಗಾಗಿ ಕಾಲು ಮೇಲಾಯಿತು. ಬೀದಿಯ ಸದ್ದು, ಸೈಕಲ್ಲಿನ ಗಂಟೆ, ಹುರಿಯುವ ಎಣ್ಣೆಯ ವಾಸನೆ ಮೈಮೇಲೆ ಹಾದುಹೋದವು. ಸಾಯುವ ಹೊತ್ತಿಗೆ ಹೇಳುವ ಕಲಿಮಾ ಹೇಳಿಕೊಳ್ಳಲು ನೋಡಿದರು. ಮೊದಲ ಶಬ್ದದ ಆಚೆ ಮನಸ್ಸು ಹೋಗಲೊಲ್ಲದು. ಮಣ್ಣು ಬೀಳುವಾಗ ಯಾವ ಕಡೆಯಿಂದ ಬೀಳುತ್ತದೆ ಎಂದೇ ಯೋಚಿಸುತ್ತಿತ್ತು.

ಮಸೀದಿಯ ಹಿಂದೆ ಹಲಗೆಯ ಮೇಲೆ ಮಲಗಿಸಿ ಒಬ್ಬ ಮುದುಕ ಮೈ ತೊಳೆಯತೊಡಗಿದ. ಬೆಚ್ಚಗಿನ ನೀರು. ಬಲಗಡೆ ತೊಳೆದು, ಎಡಗಡೆ ತೊಳೆಯಲು ಮಗ್ಗುಲು ಹೊರಳಿಸಿದಾಗ, ಒಳಗೆ ಸಿಕ್ಕಿಬಿದ್ದಿದ್ದ ಗಾಳಿ ಗಂಟಲಿನಿಂದ ನರಳಿದಂತೆ ಹೊರಬಂತು. ಮುದುಕನ ಚೊಂಬು ಕಲ್ಲಿನ ಮೇಲೆ ಬಿತ್ತು. ಅವನು ಎದೆಗೆ ಕಿವಿಯಿಟ್ಟ. ಬಹಳ ಹೊತ್ತು ಇಟ್ಟ. ಆಮೇಲೆ ಎದ್ದು ಕೂಗಿಕೊಂಡ.

ಹೊರಗೆ ಕೂತಿದ್ದ ಕಲ್ಲೇಶಪ್ಪನವರು ಒಳಗೆ ಓಡಿಬಂದದ್ದು, ಬಂದವರು ಬಾಗಿಲಲ್ಲೇ ನಿಂತುಬಿಟ್ಟದ್ದು ಖಾದರರ ಕಿವಿಗೆ ಬಿತ್ತು. ಹೆಜ್ಜೆಯ ಸದ್ದು ಅಲ್ಲಿಗೇ ನಿಂತಿತ್ತು.

ಡಾಕ್ಟರರೊಬ್ಬರು ಬಂದರು. ಮೀನಿನ ವಿಷ ಎಂದು ಕೂಡಲೇ ಗುರುತಿಸಿ, ಎದೆ ಒತ್ತಿ ಒತ್ತಿ ಉಸಿರಾಡಿಸಿದರು. ಮಾರನೇ ದಿನ ಹೊತ್ತೇರುವಷ್ಟರಲ್ಲಿ ಬೆರಳು ಅಲುಗಿತು. ಹಡಗು ಹೋಗಿಯಾಗಿತ್ತು. ಮುಂದಿನ ಹಡಗು ಬರುವವರೆಗೆ ಕಲ್ಲೇಶಪ್ಪನವರು ಮಗುವನ್ನು ನೋಡಿಕೊಂಡಂತೆ ನೋಡಿಕೊಂಡರು. ಗಂಜಿ ಕುಡಿಸಿದರು, ಹಿಡಿದು ನಡೆಸಿದರು. ಆ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ. ನಿಮಗೆ ಏನಾದರೂ ಕೇಳಿಸುತ್ತಿತ್ತೇ ಎಂದು ಡಾಕ್ಟರರು ವಿಚಾರಿಸಿದಾಗ ಖಾದರ್ ಸಾಹೇಬರು ಇಲ್ಲವೆಂದು ತಲೆಯಾಡಿಸಿದರು. ಯಾಕೆ ಹಾಗೆ ಮಾಡಿದೆ ಎಂದು ಅವರಿಗೇ ತಿಳಿಯಲಿಲ್ಲ. ಕಲ್ಲೇಶಪ್ಪನವರು ಪಕ್ಕದಲ್ಲೇ ನಿಂತಿದ್ದರು.

ಕೊಪ್ಪಕ್ಕೆ ಬಂದಾಗ ಮನೆಯ ತುಂಬ ಜನ. ಕಮ್ಮರಡಿಯಿಂದ, ಹಿರೇಕೊಡಿಗೆಯಿಂದ ಅಡಿಕೆ ತರುವವರೂ ನೋಡಲು ಬಂದರು. ಗುಲ್ಜಾರ್ ಬೇಗಂ ಪರದೆಯ ಹಿಂದಿನಿಂದ ಅಳುತ್ತ ಕೇಳಿದರು, "ಏನಾಯ್ತು ಕಲ್ಲೇಶಪ್ಪಣ್ಣ, ನೀವಾದ್ರೂ ಹೇಳಿ."

ಕಲ್ಲೇಶಪ್ಪನವರು ಹೇಳಿದರು. ಮೀನು, ವಾಂತಿ, ಕಾಲರಾ ಎಂದ ಕಂಪೌಂಡರ್. ಅಲ್ಲಿಯವರೆಗೆ ಎಲ್ಲವೂ ನಡೆದ ಹಾಗೇ ಇತ್ತು. ಆಮೇಲೆ ಅವರು ಪರದೆಯ ಕಡೆ ತಿರುಗಿದರು.

"ಹೂತ್ಬಿಡಿ ಹೂತ್ಬಿಡಿ ಅಂತ ಎಲ್ರೂ ಅವಸರ ಮಾಡಿದ್ರು ಅಕ್ಕ. ನಾ ಬಿಡ್ಲಿಲ್ಲ. ಬಾಗ್ಲಿಗೆ ಅಡ್ಡ ನಿಂತೆ. ನನ್ನ ದಾಟ್ಕೊಂಡು ಹೋಗಿ ಅಂದೆ."

ಜನ ಅಬ್ಬ ಎಂದರು. ಗುಲ್ಜಾರ್ ಬೇಗಂ ಪರದೆ ಸರಿಸಿ ಹೊರಬಂದು ಅವರ ಕಾಲು ಮುಟ್ಟಲು ಬಗ್ಗಿದರು. ಕಲ್ಲೇಶಪ್ಪನವರು ಹಿಂದೆ ಸರಿದು, ಜನರ ತಲೆಗಳ ಮೇಲಿಂದ ಖಾದರರನ್ನು ನೋಡಿದರು.

"ಹೌದು" ಎಂದರು ಖಾದರ್ ಸಾಹೇಬರು.

ಹೆಣ ಕೇಳಿಸಿಕೊಂಡಿತ್ತು ಎಂದರೆ ಯಾರು ನಂಬುತ್ತಾರೆ? ತಿನ್ನಬೇಡ ಎಂದು ಬೇಡಿಕೊಂಡವನೂ ಅವನೇ ಅಲ್ಲವೇ? ಕಣ್ಣೀರನ್ನು ಚಿಮುಕಿಸಿದ ನೀರು ಎಂದು ತಿಳಿದು ಒರೆಸಿರಬಹುದು. ಹೀಗೆ ದಿನಕ್ಕೊಂದು ಸಮಾಧಾನ ಹೇಳಿಕೊಂಡರು. ಕಲ್ಲೇಶಪ್ಪನವರ ಕಥೆ ಸಂತೆಯಿಂದ ಸಂತೆಗೆ ಬೆಳೆಯಿತು. ಶೃಂಗೇರಿಯ ಅಂಗಡಿಯಲ್ಲೊಬ್ಬರು, "ಇಂಥ ಸ್ನೇಹಿತ ಸಿಕ್ಕೋಕೆ ಪುಣ್ಯ ಬೇಕು ಸಾಬ್ರೆ" ಎಂದಾಗ ಖಾದರ್ ಸಾಹೇಬರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಇಬ್ಬರೇ ಅಂಗಡಿಯಲ್ಲಿ ಅಡಿಕೆ ಆರಿಸುತ್ತ ಕೂತಿದ್ದರು. ಖಾದರ್ ಸಾಹೇಬರ ಬಾಯಿಂದ ಮಾತು ತಾನಾಗಿ ಬಂತು.

"ಅವತ್ತು ನನಗೆ ಕೇಳಿಸ್ತಿತ್ತು ಕಲ್ಲೇಶಪ್ಪ. ಕಾಣಿಸ್ತಾನೂ ಇತ್ತು."

ಕಲ್ಲೇಶಪ್ಪನವರ ಕೈ ಅಡಿಕೆಯ ರಾಶಿಯೊಳಗೇ ಉಳಿಯಿತು.

"ನೀರು ಹಾಕಿದ್ರಲ್ಲ ಮುಖಕ್ಕೆ. ಕಣ್ಣಲ್ಲಿದ್ದದ್ದು ಅದೇ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದರು ಖಾದರ್ ಸಾಹೇಬರು. ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಇಷ್ಟೇ ಸಾಕಿತ್ತು, ಇಷ್ಟನ್ನೇ ಕೇಳಲು ಒಂದು ವರ್ಷ ಬೇಕಾಯಿತಲ್ಲ ಎಂದು ನಗಬೇಕೆನಿಸಿತು.

ಕಲ್ಲೇಶಪ್ಪನವರು ತಲೆ ಎತ್ತಲಿಲ್ಲ. ಯಾರೂ ಕೇಳದೆಯೇ ಮತ್ತೆ ಹೇಳಿದರು.

"ಮೊದಲ್ನೇ ಸಲ ಒರೆಸಿದಾಗ ಹಾಗೆ ಅಂದ್ಕೊಂಡೆ. ಎರಡನೇ ಸಲದ್ದು ಬೆಚ್ಚಗಿತ್ತು."

"ಗೊತ್ತಾಯ್ತಾ ನಿಂಗೆ?"

"ಗೊತ್ತಾಯ್ತು ಖಾದರಣ್ಣ. ಆದ್ರೆ ಆ ದ್ವೀಪ... ಹಡಗು... ಹೇಳಬೇಕು ಅಂತ ಬಾಯಿ ತೆಗೆದೆ. ಬಂದದ್ದು 'ತಗೊಂಡು ಹೋಗಿ' ಅನ್ನೋ ಮಾತು." ಅವರು ಒಂದು ಅಡಿಕೆಯನ್ನು ಎತ್ತಿ ಮತ್ತೆ ರಾಶಿಗೇ ಹಾಕಿದರು. "ಹೊರಗೆ ಕೂತ್ಕೊಂಡು, ಬೇಗ ಮುಗೀಲಿ ಅಂತ ಲಿಂಗ ಹಿಡ್ಕೊಂಡಿದ್ದೆ."

ಖಾದರ್ ಸಾಹೇಬರು ಎದ್ದು ಹೋಗಲಿಲ್ಲ. ಬೈಯಲಿಲ್ಲ. ಬೈಯಲು ಬಾಯಿ ತೆರೆದರೆ ಮತ್ತೆ ನಾಲಿಗೆ ಬಿದ್ದುಹೋಗುವುದೋ ಎಂದು ಭಯವಾಯಿತು. ಸಂಜೆಯವರೆಗೆ ಇಬ್ಬರೂ ಅಡಿಕೆ ಆರಿಸಿದರು. ಪಾಲುದಾರಿಕೆ ಮುರಿಯಲಿಲ್ಲ. ಗುಲ್ಜಾರ್ ಬೇಗಂಗೆ ಅವರು ಏನೂ ಹೇಳಲಿಲ್ಲ.

ಮೂರು ಮಳೆಗಾಲದ ನಂತರ ಖಾದರ್ ಸಾಹೇಬರಿಗೆ ಮಲೇರಿಯ ಜ್ವರ ಬಂತು. ಆ ವರ್ಷ ತಾಲ್ಲೂಕಿನಲ್ಲಿ ಮನೆಗೊಬ್ಬರು ಮಲಗಿದ್ದರು. ಜ್ವರ ಏರಿದಾಗ ಮಾತು ನಿಲ್ಲುತ್ತಿತ್ತು, ಕಣ್ಣು ಅರೆ ಮುಚ್ಚುತ್ತಿತ್ತು. ಸುದ್ದಿ ತಿಳಿದು ಕಲ್ಲೇಶಪ್ಪನವರು ಕ್ವಿನೀನ್ ತೆಗೆದುಕೊಂಡು, ಕಿತ್ತಳೆ ತೆಗೆದುಕೊಂಡು ಬಂದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು.

"ಅಕ್ಕ, ನೀವು ನಾಲ್ಕು ದಿನದಿಂದ ಕಣ್ಣು ಮುಚ್ಚಿಲ್ಲ. ಒಳಗೆ ಹೋಗಿ ಮಲಗಿ. ನಾ ಕೂತಿರ್ತೀನಿ ಇವ್ರ ಹತ್ರ."

"ನೀವಿದ್ರೆ ನಂಗೆ ಯಾವ ಚಿಂತೇನೂ ಇಲ್ಲ ಕಲ್ಲೇಶಪ್ಪಣ್ಣ" ಎಂದು ಗುಲ್ಜಾರ್ ಬೇಗಂ ಏಳಲು ಹೋದರು. ಏಳಲಾಗಲಿಲ್ಲ. ಗಂಡನ ಕೈ ಅವರ ಸೆರಗನ್ನು ಹಿಡಿದಿತ್ತು. ಜ್ವರದವರ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ.

"ಬಿಡಿ, ಕಲ್ಲೇಶಪ್ಪಣ್ಣ ಇದ್ದಾರಲ್ಲ" ಎಂದು ಅವರು ಬೆರಳು ಬಿಡಿಸಲು ನೋಡಿದರು. ಬೆರಳು ಇನ್ನಷ್ಟು ಬಿಗಿಯಿತು.

ಕಲ್ಲೇಶಪ್ಪನವರು ಆ ಕೈಯನ್ನು ನೋಡಿದರು. ಕಿತ್ತಳೆಯನ್ನು ಹಾಸಿಗೆಯ ಪಕ್ಕದಲ್ಲಿಟ್ಟು, "ಇಲ್ಲೇ ಇರಿ ಅಕ್ಕ, ಅವರನ್ನ ಬಿಟ್ಟು ಏಳ್ಬೇಡಿ" ಎಂದು ಹೇಳಿ, ಅಂಗಳ ದಾಟಿ ಹೊರಟುಹೋದರು.