ಮೇಜರ್ ಹೆತ್ತ ಮರಿಗಳು

ಡನೀಡನ್ ಪಟ್ಟಣದ ಹಲ್ಲಿ ಸಾಕುವವರ ಸಂಘದಲ್ಲಿ ಡೆಸ್ಮಂಡ್ ರಾಟ್ರೇ ಅಂದರೆ ಸಾಮಾನ್ಯ ಆಸಾಮಿಯಲ್ಲ. ಹಸಿರು ಮರಹಲ್ಲಿಯನ್ನು ಅಂಗೈ ಮೇಲೆ ಮಗುಚಿ, ಬಾಲದ ಬುಡವನ್ನು ಒಂದೇ ಒಂದು ಸಲ ನೋಡಿ ಗಂಡೋ ಹೆಣ್ಣೋ ಹೇಳಿಬಿಡುವ ಮನುಷ್ಯ. ಬುಡ ಉಬ್ಬಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು, ಇಷ್ಟೇ ವಿದ್ಯೆ. ಆದರೆ ಮರಿಗಳಲ್ಲಿ ಆ ಉಬ್ಬು ಸಾಸಿವೆಯಷ್ಟೂ ಇರುವುದಿಲ್ಲ. ಉಳಿದವರು ಭೂತಗನ್ನಡಿ ಹಿಡಿದು ಒದ್ದಾಡುವುದನ್ನು ಕಂಡರೆ ರಾಟ್ರೇಗೆ ನಗು. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ನೋಡುವುದು ಅವನ ಜಾಯಮಾನದಲ್ಲೇ ಇಲ್ಲ. ಸಂಘದ ಸಭೆಯಲ್ಲಿ ಅವನಿಗೊಂದು ಮೇಜು, ಹಿಂದೊಂದು ಕುರ್ಚಿ; ಎಲ್ಲರ ಡಬ್ಬಿಯೂ ಮೊದಲು ಅಲ್ಲಿಗೇ ಬರಬೇಕು. ಆ ಕುರ್ಚಿ ಅಂದರೆ ಮುದುಕನಿಗೆ ಪ್ರಾಣ.

ಈ ಜಾತಿಯ ಹಲ್ಲಿ ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿಯನ್ನೇ ಹೆರುತ್ತದೆ. ಅಂಥವನ ಮನೆಯಲ್ಲೇ ಕ್ವೀನಿ ಎಂಬ ಹಲ್ಲಿ ಮರಿ ಹಾಕದೆ ಕೂತಿತ್ತು. ಚಿಕ್ಕ ಮರಿಯಾಗಿದ್ದಾಗ ಅವನೇ ಹೆಣ್ಣೆಂದು ಹೇಳಿ ಹೆಸರಿಟ್ಟಿದ್ದ. ಜೊತೆಗೆ ಬಿಟ್ಟ ಗಂಡುಗಳನ್ನೆಲ್ಲ ಅದು ಕಚ್ಚಿ ಓಡಿಸುತ್ತಿತ್ತು.

“ಗತ್ತಿನ ಹೆಣ್ಣು ಕಣೇ, ಸಿಕ್ಕಸಿಕ್ಕೋರನ್ನೆಲ್ಲ ಒಪ್ಪಲ್ಲ” ಎಂದು ಹೆಂಡತಿ ಐಲ್ಸಾಗೆ ಹೇಳಿ ರಾಟ್ರೇ ಬೀಗುತ್ತಿದ್ದ.

ಕಾನೂನಿನ ಪ್ರಕಾರ ಈ ಹಲ್ಲಿಗಳನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಪರವಾನಗಿ ಇರುವವರು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳಬೇಕು. ಹಾಗಾಗಿ ಗಂಡನ್ನು ಸಾಲ ಕೇಳುವುದು ರೂಢಿ. ಮರಿಯಾದರೆ ಮೊದಲನೆಯದು ಗಂಡಿನ ಮನೆಗೆ. ವಸಂತದಲ್ಲಿ ರಾಟ್ರೇ ಸಂಘದ ನೈರಿಯನ್ನು ಕೇಳಿದ. ಅವಳು ಮರುಮಾತಾಡದೆ ತನ್ನ ಮೇಜರನ್ನು ಡಬ್ಬಿಯಲ್ಲಿ ತಂದುಕೊಟ್ಟಳು. ಅದೂ ಮರಿಯಾಗಿದ್ದಾಗ ರಾಟ್ರೇಯೇ ಗಂಡೆಂದು ತೀರ್ಪು ಕೊಟ್ಟಿದ್ದ ಹಲ್ಲಿ. ಆಶ್ಚರ್ಯ! ಕ್ವೀನಿ ಅದನ್ನು ಕಚ್ಚಲಿಲ್ಲ.

“ಅಂತೂ ಮೆಚ್ಚಿದ ಗಂಡು ಸಿಕ್ತು ನೋಡು!” ರಾಟ್ರೇ ಕುಣಿಯುವುದೊಂದು ಬಾಕಿ.

ಬೇಸಿಗೆ ಕಳೆಯಿತು. ಕ್ವೀನಿ ಇದ್ದ ಹಾಗೇ ಸಪೂರವಾಗಿತ್ತು. ಮೇಜರ್ ಮಾತ್ರ ದಿನೇ ದಿನೇ ಊದಿಕೊಂಡಿತು.

“ಬಿಟ್ಟಿ ಊಟ, ಗಂಟಲವರೆಗೆ ತಿಂದಿದೆ” ಎಂದು ರಾಟ್ರೇ ಅದರ ಪಾಲಿನ ಪತಂಗಗಳನ್ನು ಕಡಿಮೆ ಮಾಡಿದ.

“ಅದು ತಿಂದ ಹೊಟ್ಟೆ ಅಲ್ಲ ಮಾರಾಯ” ಎಂದಳು ಐಲ್ಸಾ.

“ನಿಂಗೇನು ಗೊತ್ತು?”

“ನಾನೂ ಮೂರು ಹೆತ್ತಿದೀನಿ.”

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಐಲ್ಸಾ ಅವನಿಲ್ಲದಾಗ ಪತಂಗ ಹಿಡಿದು ಮೇಜರಿಗೆ ತಿನ್ನಿಸಿದಳು.

ಸಂಘದ ಸಭೆಯ ಹಿಂದಿನ ದಿನ ಬೆಳಿಗ್ಗೆ, ಗೂಡಿನಲ್ಲಿದ್ದ ಮಾನುಕಾ ಗಿಡದ ಕೊಂಬೆಯ ಮೇಲೆ ಒದ್ದೆ ಮೈಯ ಮರಿಯೊಂದು ಕೂತಿತ್ತು. ಇನ್ನೊಂದು ಅರ್ಧ ಹೊರಗೆ ಬಂದಿತ್ತು, ಮೇಜರಿನ ಹೊಟ್ಟೆಯಿಂದ. ರಾಟ್ರೇ ಕ್ವೀನಿಯನ್ನು ಹಿಡಿದು ಮಗುಚಿ ಕಣ್ಣ ಹತ್ತಿರ ತಂದುಕೊಂಡ. ಬುಡದಲ್ಲಿ ಬಟಾಣಿ ಕಾಳಿನಂಥ ಉಬ್ಬು! ಇಷ್ಟು ವರ್ಷ ಅದರ ಮುಖಕ್ಕೆ ಮುದ್ದು ಮಾಡಿದ್ದೇ ಆಯಿತು, ಆ ಕಡೆ ತಿರುಗಿಯೂ ನೋಡಿರಲಿಲ್ಲ. ಒಂದು ತಪ್ಪಾಗಿದ್ದರೆ ಮರಿಯೇ ಆಗುತ್ತಿರಲಿಲ್ಲ. ಎರಡೂ ತಪ್ಪಾದ್ದರಿಂದ ಮನೆಗೆ ಅವಳಿ ಬಂದಿದ್ದವು.

ಸಂಜೆ ನೈರಿ ಬರುವ ಹೊತ್ತಿಗೆ ಮರಿಗಳು ಕ್ವೀನಿಯ ಪಕ್ಕದಲ್ಲಿದ್ದವು, ಮೇಜರ್ ಬೇರೆ ಡಬ್ಬಿಯಲ್ಲಿತ್ತು.

“ಕ್ವೀನಿ ಹೆತ್ತಳು” ಎಂದ ರಾಟ್ರೇ. ಐಲ್ಸಾ ಚಹಾದ ಜೊತೆ ತಿನ್ನುವ ಬನ್ನಿನಂಥ ಸ್ಕೋನ್‌ಗೆ ಬೆಣ್ಣೆ ಸವರಿದಳು.

ನೈರಿ ಡಬ್ಬಿ ತೆರೆದು ಮೇಜರಿನ ಜೋತ ಹೊಟ್ಟೆಯನ್ನು ಬೆರಳಿನಿಂದ ಸವರಿದಳು. “ಪಾಪ, ಸುಸ್ತಾಗಿದಾಳೆ. ಹೋದ ವರ್ಷ ನಮ್ಮನೇಲಿ ಹೆತ್ತಾಗಲೂ ಹೀಗೇ ಆಗಿತ್ತು.”

ರಾಟ್ರೇ ಡಬ್ಬಿಯತ್ತ ಬಗ್ಗಿದ. “ಗೊತ್ತಿದ್ದೂ... ಗಂಡು ಅಂತ ಯಾಕೆ ಕೊಟ್ಟೆ?”

“ನೀನು ಗಂಡು ಕೇಳಿದೆ, ಡೆಸ್. ನಿನ್ನ ಕ್ವೀನಿಗೆ ಬೇಕಾಗಿದ್ದು ಹೆಣ್ಣು. ಹೇಳಿದ್ರೆ ನೀನು ಕೇಳ್ತಿದ್ಯಾ?”

“ಸಂಘದೋರಿಗೆ ತಿಳಿದ್ರೆ ನನ್ನ ಕುರ್ಚಿ...”

“ಕುರ್ಚಿ ನಿಂದೇ ಬಿಡು. ನೀನು ಹೇಳಿದ ಮೇಲೆ ಎಲ್ಲರೂ ಕಾರ್ ನಿಲ್ಲಿಸೋ ಜಾಗಕ್ಕೆ ಬರ್ತಾರೆ. ನಾನು ಭೂತಗನ್ನಡೀಲಿ ಇನ್ನೊಂದ್ಸಲ ನೋಡಿ ಕಳಿಸ್ತೀನಿ.”

“ಯಾವತ್ತಿಂದ?”

“ನಿನ್ನ ಕಣ್ಣು ಮಂಜಾದಾಗಿಂದ.” ನೈರಿ ಸ್ಕೋನ್ ಕೈಗೆತ್ತಿಕೊಂಡಳು. “ಬೇಜಾರು ಮಾಡ್ಕೋಬೇಡ. ನಿನ್ನ ಮನಸ್ಸು ನೋಯಿಸೋಕೆ ಯಾರಿಗೂ ಇಷ್ಟ ಇಲ್ಲ.”

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮುದುಕನ ಕಣ್ಣಲ್ಲಿ ನೀರು ತುಂಬಿತು. ಅದನ್ನು ಒರೆಸಿಕೊಂಡು ಕೈ ಚಾಚಿದ. “ಆ ಭೂತಗನ್ನಡಿ ನಂಗೆ ಕೊಡು.”

ಮರುದಿನ ಸಭೆಯಲ್ಲಿ ಅವನು ಎಂದಿನಂತೆ ಕುರ್ಚಿಯಲ್ಲಿ ಕೂತ. ಮೊದಲು ಬಂದ ಸದಸ್ಯ ಕ್ಯಾಲಮ್ ಡಬ್ಬಿ ಮುಂದಿಟ್ಟ. ರಾಟ್ರೇ ಎಲ್ಲರ ಎದುರಿಗೇ ಜೇಬಿನಿಂದ ಭೂತಗನ್ನಡಿ ತೆಗೆದ. ಮೂಗು ತಾಗುವಷ್ಟು ಬಗ್ಗಿ ನೋಡಿದ, ಮರಿಯನ್ನು ತಿರುಗಿಸಿ ಮತ್ತೆ ನೋಡಿದ.

“ಹೆಣ್ಣು” ಎಂದ. ಜೀವಮಾನದಲ್ಲಿ ಮೊದಲ ಬಾರಿ ಅವನ ದನಿ ನಡುಗಿತು.

“ನೀನು ಹೇಳಿದ ಮೇಲೆ ಮುಗೀತು, ಡೆಸ್” ಎಂದು ಕ್ಯಾಲಮ್ ಗೌರವದಿಂದ ಡಬ್ಬಿ ಮುಚ್ಚಿದ.

ಆಮೇಲೆ ಕ್ಯಾಲಮ್ ಹಿಂದಿನ ಬಾಗಿಲಿನಿಂದ ಸದ್ದಾಗದಂತೆ, ನೈರಿ ಕಾಯುತ್ತಿದ್ದ ಕಾರುಗಳ ಕಡೆ ನಡೆದ. ರಾಟ್ರೇ ಕಿಟಕಿಯಿಂದ ನೋಡುತ್ತ ಕೂತ. ಈ ಸಲ ಅವನು ಹೇಳಿದ್ದು ಸರಿಯಾಗಿತ್ತು.