ಅಳಿಯಂದಿರು ಟೇಬಲ್ ಖಾಲಿ ಮಾಡಿದ್ದು

ಚಳಿಗಾಲ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಗಿನ ಒಂಬತ್ತೂವರೆ, ಅದೂ ಅಂಗಡಿಯ ಗಡಿಯಾರಗಳಲ್ಲಿ ನಂಬಬಹುದಾದ ಎರಡರ ಪ್ರಕಾರ. ವಾಚ್ ರಿಪೇರಿ ಅಂಗಡಿಯ ಯಜಮಾನರ ಅಳಿಯ ಕಂಪ್ಯೂಟರನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದದ್ದು ಆಗ.

ಗೋಡೆಯ ತುಂಬ ಇನ್ನೂರು ಸಣ್ಣ ಖಾನೆಗಳು. ರಿಪೇರಿಗೆ ಬಂದ ವಾಚಿಗೆ ಹೆಸರಿನ ಚೀಟಿ ಕಟ್ಟಿ ಖಾನೆಗೆ ಹಾಕುವುದು, ಕೇಳಿದಾಗ ತೆಗೆದುಕೊಡುವುದು ಚಿಕ್ಕಮ್ಮನ ಕೆಲಸ. ಯಜಮಾನರಿಗೆ ಚಿಕ್ಕಮ್ಮ, ಹಾಗಾಗಿ ಬೀದಿಗೆಲ್ಲ ಚಿಕ್ಕಮ್ಮ. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿ.

"ಇದಕ್ಕೆ ಹ್ಯಾಶ್ ಟೇಬಲ್ ಅಂತಾರೆ ಅಜ್ಜಿ," ಎಂದ ಅಳಿಯ. "ಹೆಸರು ಕೊಟ್ರೆ ಸಾಕು, ಅದನ್ನ ಅರೆದು ಒಂದು ನಂಬರ್ ಮಾಡತ್ತೆ, ನೇರ ಆ ಗೂಡಿಗೇ ಕೈ ಹಾಕತ್ತೆ. ಮೊದಲಿಂದ ಕೊನೇವರೆಗೆ ತಡಕೋದೇ ಇಲ್ಲ."

"ನಾನ್ಯಾವತ್ತು ತಡಕಿದ್ದೆ?"

ಅಳಿಯ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾವ ಹೆಸರಿನ ವಾಚು ಯಾವ ಖಾನೆಯಲ್ಲಿದೆ ಎಂಬುದನ್ನೆಲ್ಲ ಟೇಬಲ್ಲಿಗೆ ತುಂಬಿಸಿದ. ಇನ್ನು ಚೀಟಿ ಯಾಕೆ ಎಂದು ಕತ್ತರಿ ಹಿಡಿದು ಒಂದು ಬುಟ್ಟಿ ಚೀಟಿ ಕಸಕ್ಕೆ ಸುರಿದ. ಯಜಮಾನರು ಗೋಡೆಯನ್ನು ನೋಡಿಕೊಂಡು ಹೇಳಿದರು: "ಚಿಕ್ಕಮ್ಮ, ಈ ತಿಂಗಳು ಬನ್ನಿ. ಆಮೇಲೆ ಮನೇಲಿ ಆರಾಮಾಗಿರಿ."

ಮೂವತ್ತೊಂದು ವರ್ಷದಲ್ಲಿ ಚಿಕ್ಕಮ್ಮ ಯಾರ ಹತ್ತಿರವೂ ಆರಾಮ ಕೇಳಿದವರಲ್ಲ. ಆ ಕುರ್ಚಿ ಹೋದರೆ ಮನೆಯಲ್ಲಿ ಕೂತು ಯಾರ ಹೆಸರು ನೆನಪಿಟ್ಟುಕೊಳ್ಳಬೇಕು? ಯಂತ್ರ ಹೇಳಿದ ಖಾನೆಗೆ ವಾಚು ಹಾಕುತ್ತ ತಿಂಗಳು ದೂಡಿದರು.

ತಿಂಗಳ ಕೊನೆಯ ವಾರ, ಮಂಗಳವಾರ. ವಾಚು ಒಯ್ದವರ ಹೆಸರುಗಳೂ ಟೇಬಲ್ಲಿನಲ್ಲೇ ಉಳಿದು, ಇಲ್ಲದ ವಾಚಿಗೂ ಯಂತ್ರ ಖಾನೆ ತೋರಿಸತೊಡಗಿತ್ತು.

"ಒಂದೊಂದೇ ಅಳಿಸ್ತಾ ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ?" ಎಂದ ಅಳಿಯ. "ಪೂರ್ತಿ ಖಾಲಿ ಮಾಡಿ, ಬೇಕಾದ್ದಷ್ಟೇ ನಕಲಿನಿಂದ ವಾಪಸ್ ತರ್ತೀನಿ."

"ನಕಲು ಇದೆ ತಾನೇ?" ಯಜಮಾನರು ಕೇಳಿದರು.

"ಏನ್ ಮಾವ, ನಾನೇನು ಚಿಕ್ಕ ಮಗುನಾ? 'ಹಳೇದು' ಅಂತ ಹೆಸರಿಟ್ಟು ಇಟ್ಟಿದೀನಿ."

ಒಂದೇ ಬೆರಳು. ಟೇಬಲ್ ಖಾಲಿ. ಅಳಿಯ ಚಪ್ಪಾಳೆ ತಟ್ಟಿಕೊಂಡು 'ಹಳೇದ'ನ್ನು ತೆರೆದ. ಅದೂ ಖಾಲಿ. ಪ್ರೋಗ್ರಾಂ ಆ ಖಾಲಿಯನ್ನು ಶಿಸ್ತಾಗಿ ಸೇವ್ ಕೂಡ ಮಾಡಿಟ್ಟಿತ್ತು; ಅಷ್ಟು ಶಿಸ್ತು ಅದನ್ನು ಬರೆದವನಿಗಿರಲಿಲ್ಲ.

ಅಳಿಯ ಇಂಗು ತಿಂದ ಮಂಗನಂತಾದ. "ನಕಲು ಮಾಡಿದೀನಿ ಅಂದ್ಕೊಂಡಿದ್ದೆ. ಅದೇ ಟೇಬಲ್ಲಿಗೆ ಇನ್ನೊಂದು ಹೆಸರಿಟ್ಟಿದ್ದೆ ಅಷ್ಟೇ."

"ಅಳಿಯಂದ್ರೇ," ಎಂದರು ಚಿಕ್ಕಮ್ಮ, "ಒಂದೇ ಎಮ್ಮೆಗೆ ಎರಡು ಹೆಸರಿಟ್ಟು, ಒಂದು ಸತ್ರೆ ಇನ್ನೊಂದು ಹಾಲು ಕೊಡತ್ತೆ ಅಂದ್ಕೊಂಡ್ರಾ?"

ಅಷ್ಟರಲ್ಲಿ ಆಸ್ಪತ್ರೆಯ ನರ್ಸಮ್ಮ ಬಂದು ಕೈ ಚಾಚಿದರು. "ನನ್ನ ವಾಚು?"

ನೂರ ಮೂವತ್ತೇಳು ವಾಚು, ಒಂದಕ್ಕೂ ಹೆಸರಿಲ್ಲ. ಯಜಮಾನರು ಈ ಸಲ ಗೋಡೆ ನೋಡಲಿಲ್ಲ, ಚಿಕ್ಕಮ್ಮನ ಮುಖ ನೋಡಿದರು.

ಚಿಕ್ಕಮ್ಮನ ಕನ್ನಡಕದ ಕಡ್ಡಿ ಮುರಿದು, ಶನಿವಾರದಿಂದ ಅದು ಎದುರಿನ ಕನ್ನಡಕದ ಅಂಗಡಿಯಲ್ಲಿತ್ತು. ಆದರೂ ಎದ್ದರು. "ಚೀಟಿ ತನ್ನಿ, ದಾರ ತನ್ನಿ. ನಾನು ಹೇಳ್ತೀನಿ, ಅಳಿಯಂದ್ರು ಬರೀಲಿ."

"ಕಂಪ್ಯೂಟರಿಗಾ ಅಜ್ಜಿ?"

"ಚೀಟಿಗೆ."

ಮೊದಲ ಸಾಲಿನ ವಾಚುಗಳನ್ನು ಒಂದೊಂದಾಗಿ ಎತ್ತಿ ಮೂಸಿದರು. ನಾಲ್ಕನೆಯದರ ಪಟ್ಟಿಯಲ್ಲಿ ಔಷಧಿಯ ವಾಸನೆ. "ತಗೊಳ್ಳಮ್ಮ," ಎಂದು ನರ್ಸಮ್ಮನ ಕೈಗಿಟ್ಟರು. ಮುಂದಿನದರ ಬೆನ್ನು ಸವರಿ, "ಬಸ್ ಡ್ರೈವರ್‌ದು, ಬಾಗಿಲಿಗೆ ಬಡಿದ ತಗ್ಗು." ಇನ್ನೊಂದನ್ನು ಕಿವಿಗಿಟ್ಟು, "ಇದು ಕುಂಟ್ತಾ ನಡಿಯತ್ತೆ. ಡ್ರಾಯಿಂಗ್ ಮೇಷ್ಟ್ರದ್ದು. ಅವರೂ ಹಾಗೇ ನಡೀತಾರೆ." ಅಳಿಯ ಬರೆದ, ಕಟ್ಟಿದ, ಬೆರಳಿಗೆ ದಾರ ಸುತ್ತಿಕೊಂಡು ಬಿಡಿಸಿಕೊಂಡ. ದೀಪ ಹಾಕುವ ಹೊತ್ತಿಗೆ ಎರಡು ಉಳಿದವು.

"ಇವೆರಡು ಗೊತ್ತಿಲ್ಲ. 'ಗೊತ್ತಿಲ್ಲ' ಅಂತಲೇ ಬರೀರಿ. ಇಲ್ಲದ ವಾಚಿಗೆ ಖಾನೆ ತೋರಿಸೋ ನಿಮ್ಮ ಟೇಬಲ್ಲಿಗೆ ಆ ವಿದ್ಯೆ ಬರಲ್ಲ."

ಯಜಮಾನರು ಕೆಮ್ಮಿದರು. "ಚಿಕ್ಕಮ್ಮ, ಅವತ್ತು ನಾನು ಹೇಳಿದ ಮಾತು..."

"ಯಾವ ಮಾತು? ಟೇಬಲ್ ಜೊತೆ ಅದೂ ಖಾಲಿಯಾಯ್ತಲ್ಲ," ಎಂದು ಚಿಕ್ಕಮ್ಮ ತಮ್ಮ ಕುರ್ಚಿಯನ್ನು ಗೋಡೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತರು.

ಮಗಳ ಗಂಡನನ್ನು ಓಡಿಸುವುದು ಹೇಗೆ? ಯಜಮಾನರು ಕನ್ನಡಕದ ಅಂಗಡಿಯವನ ಮುಂದೆ ಅಳಿಯನನ್ನು ಅಟ್ಟಕ್ಕೇರಿಸಿ ಹೊಗಳಿದರು. ಅಂಗಡಿಯವನು ನಂಬಿ, ತನ್ನ ಕನ್ನಡಕಗಳಿಗೂ ಒಂದು ಟೇಬಲ್ ಮಾಡಿಕೊಡಲಿ ಎಂದ. ಅಳಿಯ ಕಂಪ್ಯೂಟರ್ ಇರುಕಿಕೊಂಡು ಎದುರಿನ ಅಂಗಡಿಗೆ ಹೊರಟದ್ದು ಗುರುವಾರ. ಚಿಕ್ಕಮ್ಮ ಬುಧವಾರ ಸಂಜೆಯೇ ರಸ್ತೆ ದಾಟಿ ಹೋಗಿ ತಮ್ಮ ಕನ್ನಡಕ ವಾಪಸ್ಸು ತಂದಿಟ್ಟುಕೊಂಡಿದ್ದರು, ಕಡ್ಡಿ ಮುರಿದದ್ದು ಮುರಿದ ಹಾಗೇ.